ಬೇಡವೆಂದವರ ಜೀವ ಉಳಿಸುವುದು: ತುರ್ತು ಚಿಕಿತ್ಸೆಯ ಇಕ್ಕಟ್ಟು

2018ರ ಜೂನ್ ತಿಂಗಳಲ್ಲಿ ಸ್ಪೇನಿನ ಸೋರಿಯಾ ಎಂಬ ಊರಿನ ಆಸ್ಪತ್ರೆಯಿಂದ ಮಹಿಳೆಯೊಬ್ಬರನ್ನು ಆಂಬುಲೆನ್ಸಿನಲ್ಲಿ ಮ್ಯಾಡ್ರಿಡ್‌ಗೆ ಸಾಗಿಸಲಾಯಿತು. ಆಕೆಗೆ ದೇಹದೊಳಗೆ ತೀವ್ರ ರಕ್ತಸ್ರಾವವಾಗುತ್ತಿತ್ತು. ಆಕೆ ಯೆಹೋವನ ಸಾಕ್ಷಿಗಳ ಪಂಥದವರು. ಎಂಥ ಸಂದರ್ಭದಲ್ಲೂ ಬೇರೆಯವರ ರಕ್ತ ಬೇಡವೆಂಬುದು ಆ ಪಂಥದ ನಂಬಿಕೆ. ಆಕೆ ಇದನ್ನು ಮೊದಲೇ ಬರೆದಿಟ್ಟಿದ್ದರು, ಸೋರಿಯಾದ ಆಸ್ಪತ್ರೆಯಲ್ಲೂ ರಕ್ತ ಬೇಡವೆಂದು ಸಹಿ ಹಾಕಿದ್ದರು. ರಕ್ತ ನೀಡದೆ ಚಿಕಿತ್ಸೆ ಮಾಡುವ ಅನುಕೂಲ ಮ್ಯಾಡ್ರಿಡ್‌ನಲ್ಲಿದೆ ಎಂಬ ಕಾರಣಕ್ಕೇ ಅವರನ್ನು ಅಲ್ಲಿಗೆ ಕಳುಹಿಸಿದ್ದು. ಆದರೆ ಆಂಬುಲೆನ್ಸ್ ಇನ್ನೂ ದಾರಿಯಲ್ಲಿರುವಾಗಲೇ ಮ್ಯಾಡ್ರಿಡ್‌ನ ವೈದ್ಯರು ಕರ್ತವ್ಯದಲ್ಲಿದ್ದ ನ್ಯಾಯಾಧೀಶರನ್ನು ಫ್ಯಾಕ್ಸ್ ಮೂಲಕ ಸಂಪರ್ಕಿಸಿದರು. ರೋಗಿಯ ಬರಹಗಳ ಮಾತು ಅದರಲ್ಲಿ ಸರಿಯಾಗಿ ಇರಲಿಲ್ಲ. ಜೀವ ಉಳಿಸಲು ಬೇಕಾದುದನ್ನೆಲ್ಲ ಮಾಡಿ ಎಂದು ನ್ಯಾಯಾಧೀಶರು ಅನುಮತಿ ಕೊಟ್ಟರು. ಆಸ್ಪತ್ರೆ ತಲುಪಿದಾಗ ಆಕೆಗೆ ಪ್ರಜ್ಞೆಯಿತ್ತು. ನಿಮಗೇನು ಬೇಕು ಎಂದು ಯಾರೂ ಕೇಳಲಿಲ್ಲ. ಶಸ್ತ್ರಚಿಕಿತ್ಸೆ ನಡೆಯಿತು, ರಕ್ತ ಕೊಟ್ಟರು, ಆಕೆ ಬದುಕಿದರು. ಬದುಕಿ, ನ್ಯಾಯಾಲಯಕ್ಕೆ ಹೋದರು.

2024ರ ಸೆಪ್ಟೆಂಬರ್ 17ರಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ ಒಮ್ಮತದಿಂದ ಆಕೆಯ ಪರ ತೀರ್ಪು ನೀಡಿತು. ಇದನ್ನು ‘ಸಾಯುವ ಹಕ್ಕಿಗೆ ಗೆಲುವು’ ಎಂದು ಓದಿದರೆ ತಪ್ಪಾಗುತ್ತದೆ. ರೋಗಿ ಬೇಡವೆಂದರೆ ವೈದ್ಯರು ಕೈಕಟ್ಟಿ ನಿಲ್ಲಬೇಕು ಎಂದಷ್ಟೇ ನ್ಯಾಯಾಲಯ ಹೇಳಲಿಲ್ಲ. ಆಕೆಗೆ ತನ್ನ ತೀರ್ಮಾನ ತಾನೇ ಮಾಡುವ ಸಾಮರ್ಥ್ಯ ಆ ಹೊತ್ತಿನಲ್ಲಿ ಇತ್ತೇ ಎಂದು ಯಾರೂ ಪರಿಶೀಲಿಸಲಿಲ್ಲ, ನ್ಯಾಯಾಧೀಶರಿಗೆ ಪೂರ್ಣ ಮಾಹಿತಿ ಹೋಗಲಿಲ್ಲ, ಇಡೀ ಪ್ರಕ್ರಿಯೆ ಆಕೆಯನ್ನು ಬದಿಗಿಟ್ಟು ನಡೆಯಿತು ಎಂಬುದು ಅದರ ಆಕ್ಷೇಪ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಸಾಧ್ಯವಿರುವ ಪ್ರಯತ್ನವನ್ನೆಲ್ಲ ಮಾಡಿದ ಮೇಲೂ ರೋಗಿಯ ಇಚ್ಛೆ ಏನೆಂದು ಖಚಿತವಾಗದಿದ್ದರೆ ಜೀವ ಉಳಿಸುವ ಕರ್ತವ್ಯವೇ ಮೇಲು.

ಈ ಎರಡು ಮಾತುಗಳ ನಡುವಿನ ಜಾಗದಲ್ಲೇ ತುರ್ತು ಚಿಕಿತ್ಸಾ ಘಟಕಗಳ ನಿತ್ಯದ ಜಗಳವಿದೆ. ಹೊರಗಿನಿಂದ ನೋಡುವವರಿಗೆ ಇದು ಜೀವ ದೊಡ್ಡದೋ ಸ್ವಾತಂತ್ರ್ಯ ದೊಡ್ಡದೋ ಎಂಬ ವಾದದಂತೆ ಕಾಣುತ್ತದೆ. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತವರ ಪ್ರಶ್ನೆ ಅದಲ್ಲ. ‘ಈ ಬೇಡ ನಿಜಕ್ಕೂ ಈತನದೇ? ಅದನ್ನು ತಿಳಿದುಕೊಳ್ಳಲು ನನಗೆ ಎಷ್ಟು ನಿಮಿಷಗಳಿವೆ?’ ಎಂಬುದು ಅವರ ಪ್ರಶ್ನೆ. ಸಂದೇಹವಿದ್ದರೆ ಚಿಕಿತ್ಸೆ ಕೊಡು ಎಂಬ ನಿಯಮ ನನ್ನ ದೃಷ್ಟಿಯಲ್ಲಿ ಸರಿಯಾದದ್ದೇ. ಆದರೆ ಆ ಸಂದೇಹ ಪ್ರಾಮಾಣಿಕವಾಗಿರಬೇಕು. ರೋಗಿಯ ಉತ್ತರ ತನಗೆ ಒಪ್ಪಿಗೆಯಾಗಲಿಲ್ಲ ಎಂಬ ಕಾರಣಕ್ಕೆ ಹುಟ್ಟಿಸಿಕೊಂಡ ಸಂದೇಹ ಈ ಲೆಕ್ಕಕ್ಕೆ ಬರುವುದಿಲ್ಲ.

ಊಹೆಯ ಮೇಲೆ ನಿಂತ ಸಮ್ಮತಿ

ಪ್ರಾಪ್ತ ವಯಸ್ಸಿನ, ಸ್ವಸ್ಥ ಮನಸ್ಸಿನ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನು ಮಾಡಬಹುದು ಎಂದು ನಿರ್ಧರಿಸುವ ಹಕ್ಕಿದೆ ಎಂದು ನ್ಯೂಯಾರ್ಕ್‌ನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ 1914ರಲ್ಲಿ ಬರೆದರು. ವೈದ್ಯಕೀಯ ನೀತಿಯ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಮಾತು ಇದು. ಅದರ ಬೆನ್ನಿಗೇ ಅವರು ಒಂದು ವಿನಾಯಿತಿಯನ್ನೂ ಇಟ್ಟಿದ್ದರು. ರೋಗಿಗೆ ಪ್ರಜ್ಞೆಯಿಲ್ಲದೆ, ಸಮ್ಮತಿ ಪಡೆಯುವ ಮೊದಲೇ ಶಸ್ತ್ರಚಿಕಿತ್ಸೆ ಅನಿವಾರ್ಯವಾದ ತುರ್ತಿನಲ್ಲಿ ಈ ನಿಯಮ ಅನ್ವಯಿಸದು. ಬಹುತೇಕ ಎಲ್ಲ ದೇಶಗಳ ಕಾನೂನೂ ಇದೇ ಜಾಡಿನಲ್ಲಿದೆ. ಭಾರತದ ಹಳೆಯ ದಂಡ ಸಂಹಿತೆಯ 92ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ, ಸಮ್ಮತಿ ಕೊಡಲಾಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ನೀಡುತ್ತವೆ.

ಈ ವಿನಾಯಿತಿಯ ಬುಡದಲ್ಲಿರುವುದು ಒಂದು ಊಹೆ. ರಸ್ತೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ನೂರು ಜನರಲ್ಲಿ ಬಹುಪಾಲು ಎಲ್ಲರೂ ಬದುಕಲು ಬಯಸುತ್ತಾರೆ. ಆದ್ದರಿಂದ ಈತನೂ ಬಯಸುತ್ತಾನೆ ಎಂದುಕೊಳ್ಳೋಣ. ಊಹೆ ಗಟ್ಟಿಯಾದದ್ದೇ. ಆದರೆ ‘ಬೇಡ’ ಎಂದು ಆತನೇ ಹೇಳಿಟ್ಟಿದ್ದರೆ ಊಹೆಗೆ ಜಾಗವಿಲ್ಲ. ಗೊತ್ತಿಲ್ಲದಿದ್ದಾಗ ಊಹಿಸಬಹುದು, ಗೊತ್ತಿರುವಾಗ ಊಹಿಸುವುದು ಕಿವುಡುತನದ ನಟನೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಕೊಟ್ಟ ಒಂದು ಉದಾಹರಣೆ ಈ ಜಾಗಕ್ಕೆ ಹೇಳಿ ಮಾಡಿಸಿದಂತಿದೆ. ಕುಸಿಯುವಂತಿರುವ ಸೇತುವೆಯ ಮೇಲೆ ಒಬ್ಬ ಕಾಲಿಡುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಅವನನ್ನು ಹಿಡಿದೆಳೆದರೆ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದಿಲ್ಲ, ಏಕೆಂದರೆ ನದಿಗೆ ಬೀಳುವುದು ಅವನ ಬಯಕೆಯಲ್ಲ. ಆದರೆ ಅಪಾಯ ಖಚಿತವಲ್ಲದೆ ಬರೀ ಸಾಧ್ಯತೆಯಾಗಿರುವಾಗ, ಅದನ್ನು ತಿಳಿಸಿದ ಮೇಲೂ ದಾಟುತ್ತೇನೆ ಎಂದರೆ ಬಿಡಬೇಕು. ಬುದ್ಧಿ ಸ್ತಿಮಿತದಲ್ಲಿಲ್ಲದವನು, ಮಗು, ಉದ್ವೇಗದಲ್ಲಿ ವಿವೇಚನೆ ಕಳೆದುಕೊಂಡವನು ಇದಕ್ಕೆ ಹೊರತು ಎಂದೂ ಮಿಲ್ ಸೇರಿಸುತ್ತಾರೆ. ತುರ್ತು ವೈದ್ಯರ ಮುಂದಿರುವ ಪ್ರಶ್ನೆಗಳೆಲ್ಲ ಆ ‘ಹೊರತು’ ಎಂಬುದರ ಒಳಗೇ ಇವೆ.

ಬೇಡವೆಂಬುದು ಕಾಗದದಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಮ್ಯಾಲೆಟ್ ವಿರುದ್ಧ ಶುಲ್ಮನ್ ಪ್ರಕರಣ ಮಾದರಿಯಾಗಿದೆ. 1979ರಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಪ್ರಜ್ಞೆಯಿಲ್ಲದೆ ಬಂದ ಮಹಿಳೆಯ ಬಳಿ ರಕ್ತ ಬೇಡವೆಂದು ಸಹಿ ಮಾಡಿದ ಚೀಟಿ ಸಿಕ್ಕಿತು. ವೈದ್ಯರು ಅದನ್ನು ಓದಿದರು, ಆದರೂ ರಕ್ತ ಕೊಟ್ಟರು. ಚೀಟಿಯಲ್ಲಿ ದಿನಾಂಕವಿಲ್ಲ, ಸಾಕ್ಷಿಯಿಲ್ಲ, ಆಮೇಲೆ ಆಕೆ ಮನಸ್ಸು ಬದಲಿಸಿರಬಹುದಲ್ಲ ಎಂಬುದು ಅವರ ತರ್ಕ. ಆಕೆ ಬದುಕಿದರು. ಚಿಕಿತ್ಸೆಯಲ್ಲಿ ಯಾವ ನಿರ್ಲಕ್ಷ್ಯವೂ ಆಗಿರಲಿಲ್ಲ. ಆದರೂ 1990ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಇದನ್ನು ಹಲ್ಲೆಯೆಂದೇ ಎಣಿಸಿ 20,000 ಡಾಲರ್ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಮನಸ್ಸು ಬದಲಾಗಿದೆ ಎನ್ನಲು ಆಧಾರವೇನಾದರೂ ಇರಬೇಕು. ಬದಲಾಗಿರಬಹುದು ಎಂಬ ಬರೀ ಸಾಧ್ಯತೆ ಸಾಲದು ಎಂಬುದು ಅದರ ಸಾರ. ಆ ವೈದ್ಯರ ಸ್ಥಾನದಲ್ಲಿ ನಿಂತು ಯೋಚಿಸಿದರೆ ಈ ತೀರ್ಪು ಕಠೋರವೆನಿಸುತ್ತದೆ. ಆದರೂ ಅದನ್ನು ತಪ್ಪೆನ್ನಲಾರೆ. ಬರೀ ಸಾಧ್ಯತೆಯೇ ಸಾಕೆಂದಾದರೆ ಯಾವ ಚೀಟಿಗೂ, ಯಾವ ಮಾತಿಗೂ, ಅದನ್ನು ಆಡಿದ ಮರುಕ್ಷಣದ ನಂತರ ಬೆಲೆಯಿರುವುದಿಲ್ಲ.

ಇದಕ್ಕಿಂತ ನಯವಾದ ಇನ್ನೊಂದು ದಾರಿಯುಂಟು. ರೋಗಿ ಎಚ್ಚರವಿದ್ದಾನೆ, ಎಲ್ಲವನ್ನೂ ಅರ್ಥ ಮಾಡಿಕೊಂಡು ವೆಂಟಿಲೇಟರ್ ಬೇಡ ಎನ್ನುತ್ತಾನೆ. ಆಗಲಿ ಎಂದು ವೈದ್ಯರು ಸುಮ್ಮನಿರುತ್ತಾರೆ. ಉಸಿರು ಕುಗ್ಗಿ ಪ್ರಜ್ಞೆ ತಪ್ಪಿದ ಕೂಡಲೇ ‘ಈಗ ಸಮ್ಮತಿ ಕೇಳುವಂತಿಲ್ಲ, ತುರ್ತು ಸ್ಥಿತಿ’ ಎಂದು ಕೊಳವೆ ಇಳಿಸುತ್ತಾರೆ. ಪಕ್ಕದಲ್ಲಿ ಅಳುತ್ತಿರುವ ಮನೆಯವರು ‘ಏನಾದರೂ ಮಾಡಿ’ ಎಂದರಂತೂ ಮುಗಿಯಿತು. ಇದರಲ್ಲಿ ಕೇಡಿನ ಉದ್ದೇಶವಿಲ್ಲ, ಅನೇಕ ಸಲ ಪ್ರೀತಿಯೇ ಇರುತ್ತದೆ. ಆದರೆ ಇದು ಮೋಸ. ಪ್ರಜ್ಞೆ ತಪ್ಪಿದ್ದರಿಂದ ಮೊದಲು ಆಡಿದ ಮಾತು ಅಳಿಸಿ ಹೋಗುವುದಿಲ್ಲ. ಪ್ರಜ್ಞೆ ತಪ್ಪಿದಾಗ ಏನು ಮಾಡಬೇಕು ಎಂಬುದರ ಬಗ್ಗೆಯೇ ಆ ಮಾತಿತ್ತು.

ದೇಹ ಕೆಟ್ಟಾಗ ಮಾತು ಯಾರದು?

ಸಾಮರ್ಥ್ಯವನ್ನು ಅಳೆಯಲು ವೈದ್ಯರು ಸಾಮಾನ್ಯವಾಗಿ ಬಳಸುವುದು ಅಮೆರಿಕದ ಪಾಲ್ ಅಪೆಲ್‌ಬಾಮ್ ಮತ್ತು ಥಾಮಸ್ ಗ್ರಿಸ್ಸೊ 1988ರಲ್ಲಿ ಮುಂದಿಟ್ಟ ನಾಲ್ಕು ಪ್ರಶ್ನೆಗಳನ್ನು. ಹೇಳಿದ್ದು ಅರ್ಥವಾಯಿತೇ, ಅದು ತನ್ನ ಸ್ಥಿತಿಗೇ ಸಂಬಂಧಿಸಿದ್ದು ಎಂಬ ಅರಿವಿದೆಯೇ, ಆಯ್ಕೆಗಳನ್ನು ತೂಗಿ ನೋಡಬಲ್ಲರೇ, ತೀರ್ಮಾನವನ್ನು ತಿಳಿಸಬಲ್ಲರೇ. ಶಾಂತ ಕೊಠಡಿಯಲ್ಲಿ ಇದು ಅರ್ಧ ಗಂಟೆಯ ಮಾತುಕತೆ. ರಕ್ತ ಸುರಿಯುತ್ತಿರುವಾಗ ಎರಡು ನಿಮಿಷ.

ಆ ಎರಡು ನಿಮಿಷಗಳಲ್ಲಿ ವೈದ್ಯರು ಮೊದಲು ನೋಡುವುದು ತತ್ತ್ವವನ್ನಲ್ಲ, ಸಕ್ಕರೆ ಮತ್ತು ಆಮ್ಲಜನಕದ ಅಂಕಿಗಳನ್ನು. ರಕ್ತದಲ್ಲಿ ಸಕ್ಕರೆ ತೀರಾ ಇಳಿದ ಮಧುಮೇಹಿ ಕೂಗಾಡುತ್ತಾನೆ, ಸೂಜಿ ತಂದವರನ್ನು ತಳ್ಳುತ್ತಾನೆ, ಮನೆಗೆ ಬಿಡಿ ಎನ್ನುತ್ತಾನೆ. ಗ್ಲೂಕೋಸ್ ಒಳಹೋದ ಕೆಲವೇ ನಿಮಿಷಗಳಲ್ಲಿ ಅದೇ ಮನುಷ್ಯ ತಾನು ಎಲ್ಲಿದ್ದೇನೆ ಎಂದು ಕೇಳುತ್ತಾನೆ. ತಳ್ಳಿದ್ದು ಅವನಿಗೆ ನೆನಪೂ ಇರುವುದಿಲ್ಲ. ಅವನ ಆ ನಿರಾಕರಣೆಯನ್ನು ಗೌರವಿಸುವುದೆಂದರೆ ಕಡಿಮೆ ಸಕ್ಕರೆಯನ್ನು ಗೌರವಿಸಿದಂತೆ. ಆಮ್ಲಜನಕದ ಕೊರತೆ, ತಲೆಯ ಪೆಟ್ಟು, ರಕ್ತಕ್ಕೆ ಹರಡಿದ ಸೋಂಕು, ಮದ್ಯ, ತಡೆಯಲಾಗದ ನೋವು ಇವೆಲ್ಲವೂ ಹೀಗೆಯೇ ಮನಸ್ಸನ್ನು ಮಬ್ಬಾಗಿಸಬಲ್ಲವು. ಇಲ್ಲಿ ಬಲವಂತದ ಚಿಕಿತ್ಸೆಯೇ ರೋಗಿಯ ಸ್ವಾತಂತ್ರ್ಯವನ್ನು ಮರಳಿಸುವ ದಾರಿ. ಇದರ ಬಗ್ಗೆ ಗಂಭೀರವಾದ ತಕರಾರು ಯಾರಿಗೂ ಇಲ್ಲ.

ತೊಡಕು ಶುರುವಾಗುವುದು ಅರ್ಧ ಮಬ್ಬಿನಲ್ಲಿ. ಅಫೀಮು ಜಾತಿಯ ಮಾದಕ ವಸ್ತು ಅತಿಯಾಗಿ ಉಸಿರು ನಿಂತವರಿಗೆ, ಅದರ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧಿ ಕೊಟ್ಟರೆ ನಿಮಿಷಗಳಲ್ಲಿ ಎದ್ದು ಕೂರುತ್ತಾರೆ. ಹಲವರು ಸಿಟ್ಟಿನಿಂದಲೇ ಏಳುತ್ತಾರೆ, ಆಸ್ಪತ್ರೆ ಬೇಡ ಎನ್ನುತ್ತಾರೆ. ಅವರ ಮಾತು ಸ್ಪಷ್ಟವಾಗಿರುತ್ತದೆ, ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನೂ ಕೊಡುತ್ತಾರೆ. ಆದರೆ ನಲೋಕ್ಸೋನ್‌ನ ಪರಿಣಾಮ ಮೂವತ್ತರಿಂದ ತೊಂಬತ್ತು ನಿಮಿಷ ಮಾತ್ರ. ದೇಹದಲ್ಲಿರುವ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ನಿಲ್ಲಬಹುದು. ಈ ಕ್ಷಣದ ಸಾಮರ್ಥ್ಯ ನಿಜ, ಅದರ ಆಯುಷ್ಯ ಕಡಿಮೆ. ಇಂಥಲ್ಲಿ ಹಿಡಿದು ಕಟ್ಟಿಹಾಕುವುದಕ್ಕಿಂತ ಒಂದು ಗಂಟೆ ಇಲ್ಲೇ ಇರಿ ಎಂದು ಒಪ್ಪಿಸುವ ಜಾಣ್ಮೆಗೇ ಬೆಲೆ ಹೆಚ್ಚು.

ಮಾನಸಿಕ ಕಾಯಿಲೆಯಿದೆ ಎಂದ ಮಾತ್ರಕ್ಕೆ ಸಾಮರ್ಥ್ಯ ಇಲ್ಲವೆಂದಾಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಿದ್ದು ಇಂಗ್ಲೆಂಡಿನ ‘ಸಿ’ ಪ್ರಕರಣ. ಬ್ರಾಡ್‌ಮೂರ್ ಭದ್ರತಾ ಆಸ್ಪತ್ರೆಯಲ್ಲಿದ್ದ 68 ವರ್ಷದ ರೋಗಿಗೆ ಸ್ಕಿಜೋಫ್ರೇನಿಯಾ ಇತ್ತು. ತಾನು ಜಗತ್ಪ್ರಸಿದ್ಧ ವೈದ್ಯನೆಂಬ ಭ್ರಮೆಯೂ ಇತ್ತು. ಕಾಲು ಕೊಳೆಯತೊಡಗಿ ಗ್ಯಾಂಗ್ರೀನ್ ಆಯಿತು. ಕಾಲು ಕತ್ತರಿಸದಿದ್ದರೆ ಬದುಕುವ ಸಾಧ್ಯತೆ ಶೇಕಡಾ 15 ಮಾತ್ರ ಎಂದು ಶಸ್ತ್ರಚಿಕಿತ್ಸಕರು ಹೇಳಿದರು. ಎರಡು ಕಾಲಿಟ್ಟುಕೊಂಡೇ ಸಾಯುತ್ತೇನೆ ಎಂಬ ನಿಲುವು ಆತನದು. ಕಾಯಿಲೆ, ಅಪಾಯ, ಚಿಕಿತ್ಸೆ ಮೂರೂ ಆತನಿಗೆ ಅರ್ಥವಾಗಿವೆ. ಭ್ರಮೆಗಳಿದ್ದರೂ ಈ ತೀರ್ಮಾನಕ್ಕೆ ಅವು ಅಡ್ಡಬಂದಿಲ್ಲ ಎಂದು ನ್ಯಾಯಾಧೀಶರು ಒಪ್ಪಿದರು. ಕಾಲು ಕತ್ತರಿಸಲಿಲ್ಲ, ಸಣ್ಣ ಚಿಕಿತ್ಸೆಯಿಂದಲೇ ಆತ ಬದುಕುಳಿದ. ಅದು ಅದೃಷ್ಟ, ತೀರ್ಪು ಸರಿಯೆನ್ನಲು ಅದು ಪುರಾವೆಯಲ್ಲ. ಆತ ಸತ್ತಿದ್ದರೂ ತೀರ್ಪು ಸರಿಯಾಗಿಯೇ ಇರುತ್ತಿತ್ತು.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿನ ಒಂದು ಅಸಮತೆ. ರೋಗಿ ‘ಆಗಲಿ ಡಾಕ್ಟ್ರೇ, ನೀವು ಹೇಳಿದಂತೆ’ ಎಂದರೆ ಅವನ ಸಾಮರ್ಥ್ಯದ ಪರೀಕ್ಷೆ ನಡೆಯುವುದೇ ಇಲ್ಲ. ಓದದೆ ಸಹಿ ಹಾಕಿದರೂ ಸಮ್ಮತಿ ಸಮ್ಮತಿಯೇ. ‘ಬೇಡ’ ಎಂದ ಕೂಡಲೇ ಮನೋವೈದ್ಯರಿಗೆ ಕರೆ ಹೋಗುತ್ತದೆ. ಪಣ ದೊಡ್ಡದಿದ್ದಾಗ ಸಾಮರ್ಥ್ಯದ ಮಟ್ಟವೂ ಹೆಚ್ಚಿರಬೇಕು ಎಂದು ವಾದಿಸುವ ನೀತಿತಜ್ಞರಿದ್ದಾರೆ. ಅವರ ಪ್ರಕಾರ ಬ್ಯಾಂಡೇಜು ನಿರಾಕರಿಸಲು ಸ್ವಲ್ಪ ಅರಿವು ಸಾಕು, ರಕ್ತ ನಿರಾಕರಿಸಲು ಪೂರ್ಣ ಅರಿವು ಬೇಕು. ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪಣ ದೊಡ್ಡದಾದಷ್ಟೂ ನಾವು ಹೆಚ್ಚು ಎಚ್ಚರದಿಂದ ವಿಚಾರಿಸಬೇಕು, ಮತ್ತೊಮ್ಮೆ ಕೇಳಬೇಕು, ಬೇರೆ ವೈದ್ಯರನ್ನು ಕರೆಸಬೇಕು. ಆದರೆ ಹೌದೆನ್ನಲು ಸಾಕಾದ ಬುದ್ಧಿ ಅದೇ ಪ್ರಶ್ನೆಗೆ ಇಲ್ಲವೆನ್ನಲು ಸಾಲದು ಎನ್ನುವುದು ತರ್ಕವಲ್ಲ. ಅದು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ನಡೆಸುವ ಪರೀಕ್ಷೆ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ. ಸಾಮರ್ಥ್ಯವಿದೆ ಎಂದೇ ಆರಂಭಿಸಬೇಕು. ತೀರ್ಮಾನ ಅವಿವೇಕದ್ದು ಎಂಬುದೊಂದೇ ಸಾಮರ್ಥ್ಯವಿಲ್ಲ ಎನ್ನಲು ಕಾರಣವಾಗದು.

ಭಯ, ಒತ್ತಡ, ಹಚ್ಚೆ

1992ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ‘ಟಿ’ ಪ್ರಕರಣ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅಪಘಾತಕ್ಕೊಳಗಾದ ಇಪ್ಪತ್ತರ ಗರ್ಭಿಣಿ. ಆಕೆ ಸ್ವತಃ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿರಲಿಲ್ಲ, ತಾಯಿ ಸೇರಿದ್ದರು. ತಾಯಿಯ ಜೊತೆ ಏಕಾಂತದಲ್ಲಿ ಮಾತಾಡಿದ ಬಳಿಕ ರಕ್ತ ಬೇಡವೆಂದಳು. ಆಮೇಲೆ ಪ್ರಜ್ಞೆ ತಪ್ಪಿತು. ನ್ಯಾಯಾಲಯ ರಕ್ತ ಕೊಡಲು ಅನುಮತಿಸಿತು. ಏಕೆಂದರೆ ಆ ‘ಬೇಡ’ ಆಕೆಯದಲ್ಲ, ತಾಯಿಯದು; ಮೇಲಾಗಿ ರಕ್ತವಿಲ್ಲದಿದ್ದರೆ ಏನಾದೀತು ಎಂಬುದನ್ನು ಆಕೆಗೆ ಸರಿಯಾಗಿ ತಿಳಿಸಿರಲೂ ಇಲ್ಲ. ಇದೇ ತೀರ್ಪಿನಲ್ಲಿ ಲಾರ್ಡ್ ಡೊನಾಲ್ಡ್‌ಸನ್ ಅವರು, ನಿರಾಕರಣೆಯ ಕಾರಣಗಳು ವಿವೇಕದವೋ ಅವಿವೇಕದವೋ, ಕಾರಣಗಳೇ ಇಲ್ಲವೋ, ಹಕ್ಕಿಗೆ ಅದು ಬಾಧಕವಲ್ಲ ಎಂದೂ ಹೇಳಿದರು. ಎರಡೂ ಒಟ್ಟಿಗೆ ನಿಲ್ಲುತ್ತವೆ. ಕಾರಣ ಏನೇ ಇರಲಿ, ಆದರೆ ಅದು ನಿಮ್ಮದಾಗಿರಲಿ.

ಮನೆಯವರ ಪಾತ್ರ ಇಲ್ಲಿ ದೊಡ್ಡದು. ಅನೇಕ ಕಡೆ ವೈದ್ಯರು ರೋಗಿಯ ಜೊತೆ ಮಾತಾಡುವುದಕ್ಕಿಂತ ಹೆಚ್ಚು ಬಂಧುಗಳ ಜೊತೆ ಮಾತಾಡುತ್ತಾರೆ, ಸಹಿಯೂ ಅವರದೇ. ‘ಬೇಡ, ಕರೆದುಕೊಂಡು ಹೋಗುತ್ತೇವೆ’ ಎಂದು ಬಂಧುಗಳು ಹೇಳಿದ್ದನ್ನು ರೋಗಿಯ ನಿರಾಕರಣೆ ಎಂದು ದಾಖಲಿಸುವುದು ಎಷ್ಟು ತಪ್ಪೋ, ರೋಗಿ ಬೇಡವೆಂದಾಗ ಬಂಧುಗಳ ಸಮ್ಮತಿಯಿಂದ ಮುಂದುವರಿಯುವುದೂ ಅಷ್ಟೇ ತಪ್ಪು. ರೋಗಿಯನ್ನು ಒಂದು ಗಳಿಗೆ ಒಬ್ಬರನ್ನೇ ಮಾತಾಡಿಸುವುದು ಯಾವ ಯಂತ್ರವನ್ನೂ ಬೇಡದ ಕೆಲಸ. ಆದರೂ ಎಷ್ಟೋ ಸಲ ತಪ್ಪಿಹೋಗುವುದು ಅದೇ.

ಭಯದ ಮಾತೂ ಇದೆ. ಸೂಜಿಯ ಭೀತಿಯಿಂದ ಸಿಸೇರಿಯನ್‌ಗೆ ಅರಿವಳಿಕೆ ಬೇಡವೆಂದ ಮಹಿಳೆಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯ, ಭೀತಿಯೇ ಆಕೆಯ ಸಾಮರ್ಥ್ಯವನ್ನು ತಾತ್ಕಾಲಿಕವಾಗಿ ಕಸಿದುಕೊಂಡಿತ್ತು ಎಂದಿತು. ಆಕೆಗೆ ಸಿಸೇರಿಯನ್ ಬೇಕಿತ್ತು, ಸೂಜಿ ಬೇಡವಾಗಿತ್ತು. ಆದರೆ ಗರ್ಭಿಣಿಯರ ವಿಷಯದಲ್ಲಿ ಈ ದಾರಿ ಎಷ್ಟು ಬೇಗ ಜಾರುದಾರಿಯಾಗುತ್ತದೆ ಎಂಬುದಕ್ಕೂ ದಾಖಲೆಗಳಿವೆ. ಸಿಸೇರಿಯನ್ ಬೇಡವೆಂದ ಒಬ್ಬ ಗರ್ಭಿಣಿಯನ್ನು ಮಾನಸಿಕ ಆರೋಗ್ಯ ಕಾಯ್ದೆಯಡಿ ಹಿಡಿದಿಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದು ಕಾನೂನುಬಾಹಿರ ಎಂದು 1998ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೇ ಹೇಳಬೇಕಾಯಿತು. ಮಕ್ಕಳ ವಿಷಯದಲ್ಲಿ ಮಾತ್ರ ಹೆಚ್ಚು ಗೊಂದಲವಿಲ್ಲ. ಹೆತ್ತವರು ತಾವು ಹುತಾತ್ಮರಾಗಬಹುದು, ಮಕ್ಕಳನ್ನು ಹುತಾತ್ಮರನ್ನಾಗಿಸುವ ಸ್ವಾತಂತ್ರ್ಯ ಅವರಿಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲೇ ಹೇಳಿದೆ.

ಬರೆದಿಟ್ಟದ್ದನ್ನು ಎಷ್ಟು ನಂಬಬೇಕು? ಅಮೆರಿಕದ ಮಯಾಮಿಯಲ್ಲಿ ಪ್ರಜ್ಞೆಯಿಲ್ಲದೆ ಬಂದ 70 ವರ್ಷದ ವ್ಯಕ್ತಿಯ ಎದೆಯ ಮೇಲೆ ‘ಪುನರುಜ್ಜೀವನ ಮಾಡಬೇಡಿ’ ಎಂಬ ಹಚ್ಚೆಯಿತ್ತು, ‘ಬೇಡ’ ಎಂಬ ಭಾಗಕ್ಕೆ ಅಡಿಗೆರೆ, ಕೆಳಗೆ ಸಹಿ. ಜೊತೆಗೆ ಯಾರೂ ಇರಲಿಲ್ಲ, ಗುರುತಿನ ಕಾಗದವೂ ಇರಲಿಲ್ಲ. ಮರಳಿ ಬಾರದ ಹೆಜ್ಜೆ ಇಡಬಾರದೆಂದು ವೈದ್ಯರು ಮೊದಲು ಹಚ್ಚೆಯನ್ನು ಬದಿಗಿಟ್ಟು ಚಿಕಿತ್ಸೆ ಆರಂಭಿಸಿದರು. ಅದನ್ನು ಮನ್ನಿಸುವುದೇ ಸರಿ ಎಂದು ನೀತಿ ಸಲಹೆಗಾರರು ಹೇಳಿದರು. ಆಮೇಲೆ ಆತನ ಲಿಖಿತ ನಿರ್ದೇಶನವೂ ಸಿಕ್ಕಿತು. ಹಚ್ಚೆ ನಿಜವನ್ನೇ ಹೇಳಿತ್ತು. 2017ರಲ್ಲಿ ಈ ವರದಿ ಪ್ರಕಟವಾದಾಗ ವೈದ್ಯಲೋಕ ಐದು ವರ್ಷ ಹಿಂದಿನ ಇನ್ನೊಂದು ವರದಿಯನ್ನು ನೆನಪಿಸಿಕೊಂಡಿತು. ಅದರಲ್ಲೂ 59 ವರ್ಷದ ರೋಗಿಯ ಎದೆಯ ಮೇಲೆ ಅಂಥದೇ ಹಚ್ಚೆ. ವಿಚಾರಿಸಿದರೆ, ತನ್ನನ್ನು ಖಂಡಿತ ಬದುಕಿಸಬೇಕೆಂದ ಆತ. ಯೌವನದಲ್ಲಿ ಪೋಕರ್ ಆಟದ ಪಂದ್ಯದಲ್ಲಿ ಸೋತು ಹಾಕಿಸಿಕೊಂಡದ್ದಂತೆ. ಅಳಿಸಬಾರದೇ ಎಂದು ಕೇಳಿದ್ದಕ್ಕೆ, ಇದನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂದನಂತೆ!

ನಗು ಬಂದರೂ ಈ ಜೋಡಿಯಲ್ಲಿ ಪಾಠವಿದೆ. ಎಲ್ಲರಿಗೂ ಗೊತ್ತಿರುವ ನಮೂನೆ, ಸಾಕ್ಷಿ, ದಿನಾಂಕ ಇವೆಲ್ಲ ಅಧಿಕಾರಶಾಹಿಯ ಕಿರಿಕಿರಿಯಲ್ಲ. ಎರಡು ನಿಮಿಷಗಳಲ್ಲಿ ನಂಬಬೇಕಾದ ಕಾಗದ ನಂಬುವಂತಿರಬೇಕು. ಇಂಗ್ಲೆಂಡಿನಲ್ಲಿ ಜೀವರಕ್ಷಕ ಚಿಕಿತ್ಸೆಯ ಮುಂಗಡ ನಿರಾಕರಣೆ ಲಿಖಿತವಾಗಿರಬೇಕು, ಸಾಕ್ಷಿಯೆದುರು ಸಹಿಯಾಗಿರಬೇಕು, ‘ಜೀವಕ್ಕೆ ಅಪಾಯವಿದ್ದರೂ’ ಎಂಬ ಮಾತು ಸ್ಪಷ್ಟವಾಗಿರಬೇಕು. ಕಾಗದ ಸರಿಯಿದ್ದರೂ ರೋಗಿಯ ಜೊತೆ ಅದು ಪ್ರಯಾಣಿಸದಿದ್ದರೆ ವ್ಯರ್ಥ. ಸೋರಿಯಾದಿಂದ ಮ್ಯಾಡ್ರಿಡ್‌ಗೆ ಹೋಗುವಷ್ಟರಲ್ಲಿ ಆದದ್ದು ಅದೇ.

ಆತ್ಮಹತ್ಯೆ ಯತ್ನದ ನಂತರ

ಈ ಚರ್ಚೆಯ ಅತ್ಯಂತ ಕಠಿಣ ಭಾಗ ಇದು. 2007ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಯುವತಿಯೊಬ್ಬಳು ಆತ್ಮಹತ್ಯೆಗೆ ಯತ್ನಿಸಿ ತಾನೇ ಆಂಬುಲೆನ್ಸ್ ಕರೆಸಿದಳು. ಚಿಕಿತ್ಸೆ ಬೇಡ, ಒಂಟಿಯಾಗಿ ಸಾಯಬಾರದೆಂದಷ್ಟೇ ಬಂದಿದ್ದೇನೆ ಎಂಬ ಪತ್ರ ಆಕೆಯ ಕೈಯಲ್ಲಿತ್ತು. ವೈದ್ಯರು ಆಕೆಗೆ ಸಾಮರ್ಥ್ಯವಿದೆಯೆಂದು ತೀರ್ಮಾನಿಸಿ, ಜೀವ ಉಳಿಸುವ ಚಿಕಿತ್ಸೆ ಕೊಡಲಿಲ್ಲ. ಬಲವಂತದ ಚಿಕಿತ್ಸೆ ಕಾನೂನುಬಾಹಿರವಾಗುತ್ತಿತ್ತು ಎಂದು 2009ರಲ್ಲಿ ಮರಣ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ತೀವ್ರ ಟೀಕೆಯೂ ಬಂತು.

ನನಗೆ ಆ ವೈದ್ಯರ ಮೇಲೆ ಕಲ್ಲೆಸೆಯುವ ಮನಸ್ಸಿಲ್ಲ. ಆದರೆ ಸಾಮಾನ್ಯ ನಿಯಮವಾಗಿ ನಾನು ಇನ್ನೊಂದು ಕಡೆಗೆ ವಾಲುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆತ್ಮಹತ್ಯೆಗೆ ಹೊರಟಾಗ ಇತರರು ತಡೆದ 515 ಜನರ ಮುಂದಿನ ಬದುಕನ್ನು ಪರಿಶೀಲಿಸಿದ 1978ರ ಅಧ್ಯಯನದಲ್ಲಿ ಅವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿ ಬದುಕಿದ್ದರು ಅಥವಾ ಸಹಜ ಕಾರಣಗಳಿಂದ ತೀರಿಕೊಂಡಿದ್ದರು. ಸಾಯುವ ಇಚ್ಛೆ ಅಷ್ಟು ತೀವ್ರವಾಗಿದ್ದೂ ಅಷ್ಟು ಬೇಗ ಹಾದುಹೋಗುತ್ತದೆ. ಯೆಹೋವನ ಸಾಕ್ಷಿಗಳ ನಿರಾಕರಣೆಗೂ ಇದಕ್ಕೂ ಇರುವ ಅಂತರ ಇದೇ: ಮೊದಲನೆಯದು ವರ್ಷಗಟ್ಟಲೆ ಬಾಳಿದ ನಂಬಿಕೆಯಿಂದ ಬಂದದ್ದು, ಅಲ್ಲಿ ಸಾಯುವ ಬಯಕೆಯೇ ಇಲ್ಲ, ಇನ್ನೊಂದು ಹೆಚ್ಚಿನ ವೇಳೆ ಒಂದು ಸಂಕಟದ ಅವಧಿಯ ಮಾತು. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆಯ ಹೊಣೆಯನ್ನು ಸರ್ಕಾರದ ಮೇಲಿಡುತ್ತದೆ. ಅದೇ ಕಾಯ್ದೆ ಮಾನಸಿಕ ಅಸ್ವಸ್ಥರ ತುರ್ತು ಚಿಕಿತ್ಸೆಗೆ 72 ಗಂಟೆಗಳ ಮಿತಿಯನ್ನೂ ಹಾಕುತ್ತದೆ. ಈ ಮಿತಿ ನನಗೆ ಇಷ್ಟವಾಗುವುದು ಅದು ತುರ್ತಿಗೆ ಕೊನೆಯಿದೆ ಎಂದು ಒಪ್ಪುವುದರಿಂದ.

ಬದುಕಿದವರ ಕೃತಜ್ಞತೆ

‘ಆಗ ಬೈದವರೇ ಆಮೇಲೆ ಕೈಮುಗಿಯುತ್ತಾರೆ’ ಎಂಬುದು ತುರ್ತು ವಿಭಾಗಗಳಲ್ಲಿ ಸಿಗುವ ಸಾಮಾನ್ಯ ಸಮರ್ಥನೆ. ಅನೇಕ ಸಲ ಅದು ನಿಜ. ಆದರೆ ಅಮೆರಿಕದ ಡ್ಯಾಕ್ಸ್ ಕೊವಾರ್ಟ್ ಈ ಸಮರ್ಥನೆಯನ್ನು ಜೀವನವಿಡೀ ಕೆಣಕಿದವರು. 1973ರಲ್ಲಿ ಟೆಕ್ಸಾಸ್‌ನಲ್ಲಿ ಅನಿಲ ಸ್ಫೋಟದಲ್ಲಿ ಅವರ ತಂದೆ ತೀರಿಕೊಂಡರು, ಅವರ ದೇಹದ ಮೂರನೇ ಎರಡರಷ್ಟು ಸುಟ್ಟಿತು. ಕಣ್ಣು ಹೋಯಿತು, ಬೆರಳುಗಳು ಹೋದವು. ಚಿಕಿತ್ಸೆ ನಿಲ್ಲಿಸಿ ಎಂದು ತಿಂಗಳುಗಟ್ಟಲೆ ಬೇಡಿದರು. ಅವರಿಗೆ ಸಾಮರ್ಥ್ಯವಿದೆ ಎಂದು ಮನೋವೈದ್ಯರೇ ಹೇಳಿದ್ದರು. ಆದರೂ ಚಿಕಿತ್ಸೆ ಮುಂದುವರಿಯಿತು, ತಾಯಿಯ ಒಪ್ಪಿಗೆಯ ಮೇಲೆ. ಕೊವಾರ್ಟ್ ಬದುಕಿದರು, ಕಾನೂನು ಓದಿ ವಕೀಲರಾದರು, ಮದುವೆಯಾದರು, 2019ರವರೆಗೆ ಬಾಳಿದರು. ಬದುಕಿನಲ್ಲಿ ಸಂತೋಷವಿದೆ ಎಂದು ಒಪ್ಪುತ್ತಿದ್ದರು. ಅದೇ ಉಸಿರಿನಲ್ಲಿ, ನನ್ನನ್ನು ಉಳಿಸಿದ್ದು ತಪ್ಪು ಎಂದೂ ಹೇಳುತ್ತಿದ್ದರು. ಫಲ ಚೆನ್ನಾಗಿತ್ತು ಎಂದಮಾತ್ರಕ್ಕೆ ಬಲವಂತ ನ್ಯಾಯವಾಗುವುದಿಲ್ಲ, ಆ ನೋವನ್ನು ನನ್ನ ಮೇಲೆ ಹೇರುವ ಹಕ್ಕು ಯಾರಿಗೂ ಇರಲಿಲ್ಲ ಎಂಬುದು ಅವರ ವಾದ.

ಈ ಪ್ರಕರಣವನ್ನು ಬಹಳ ಜನ ಎರಡರಲ್ಲಿ ಒಂದು ಪಕ್ಷವಾಗಿ ಓದುತ್ತಾರೆ. ಅದರಲ್ಲಿ ಎರಡು ಬೇರೆ ಬೇರೆ ಘಟ್ಟಗಳಿವೆ. ಸ್ಫೋಟದ ಸ್ಥಳದಲ್ಲಿ, ಮೈಯೆಲ್ಲ ಉರಿಯುತ್ತಿರುವಾಗ, ಸಾಯಬಿಡಿ ಎಂದವರನ್ನು ಆಂಬುಲೆನ್ಸಿಗೆ ಹತ್ತಿಸಿದ್ದು ಸರಿ. ಆ ಕ್ಷಣದಲ್ಲಿ ಯಾರಿಗೂ ಖಚಿತತೆ ಸಾಧ್ಯವಿಲ್ಲ. ವಾರಗಳು ಕಳೆದು, ಅದೇ ಮಾತನ್ನು ಅದೇ ಸ್ಪಷ್ಟತೆಯಿಂದ ಹೇಳುತ್ತಿದ್ದಾಗ ಮುಂದುವರಿಸಿದ್ದು ತಪ್ಪು. ಆಗ ತುರ್ತು ಮುಗಿದಿತ್ತು, ಸಂದೇಹವೂ ಮುಗಿದಿತ್ತು. ಉಳಿದಿದ್ದು ಬರೀ ಬಲ.

ಇಲ್ಲಿಂದ ಒಂದು ಮಾತು ತಾನಾಗಿ ಹೊರಡುತ್ತದೆ, ಆದರೆ ಅನೇಕ ವೈದ್ಯರಿಗೆ ಅದು ಒಗ್ಗುವುದಿಲ್ಲ. ಸಂದೇಹದ ಹೆಸರಿನಲ್ಲಿ ಶುರು ಮಾಡಿದ ಚಿಕಿತ್ಸೆಯನ್ನು ಸಂದೇಹ ತೀರಿದ ಮೇಲೆ ನಿಲ್ಲಿಸಲೂ ಸಿದ್ಧರಿರಬೇಕು. ಕೊಳವೆ ಹಾಕದಿರುವುದಕ್ಕಿಂತ ಹಾಕಿದ್ದನ್ನು ತೆಗೆಯುವುದು ಮನಸ್ಸಿಗೆ ಕಷ್ಟ, ಕೊಂದಂತೆ ಅನಿಸುತ್ತದೆ. 2002ರ ಇಂಗ್ಲೆಂಡಿನ ‘ಬಿ’ ಪ್ರಕರಣದಲ್ಲಿ ಆದದ್ದೂ ಇದೇ. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿದ ಮಹಿಳೆ ವೆಂಟಿಲೇಟರ್ ತೆಗೆಯಿರಿ ಎಂದು ಕೇಳಿದರು. ತಿಂಗಳುಗಟ್ಟಲೆ ಆರೈಕೆ ಮಾಡಿದ ವೈದ್ಯರಿಗೆ ಕೈ ಬರಲಿಲ್ಲ. ಆಕೆಗೆ ಸಾಮರ್ಥ್ಯವಿದೆ, ಇಷ್ಟು ದಿನ ನೀಡಿದ ಚಿಕಿತ್ಸೆ ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿ, ಸಾಂಕೇತಿಕವಾಗಿ 100 ಪೌಂಡ್ ಪರಿಹಾರ ಕೊಡಿಸಿತು. ಒಪ್ಪುವ ವೈದ್ಯರಿರುವ ಬೇರೆ ಆಸ್ಪತ್ರೆಗೆ ಆಕೆಯನ್ನು ಸ್ಥಳಾಂತರಿಸಿದ ಮೇಲೆ ಆಕೆಯ ಇಚ್ಛೆ ನಡೆಯಿತು.

ನಿಲ್ಲಿಸುವ ದಾರಿ ಸುಗಮವಾಗಿರುವಲ್ಲಿ ಮಾತ್ರ ‘ಸಂದೇಹವಿದ್ದರೆ ಶುರು ಮಾಡು’ ಎಂಬ ನಿಯಮಕ್ಕೆ ನೈತಿಕ ಬಲ. ಶುರು ಮಾಡಿದ್ದು ಮರಳಿ ಬರಬಹುದಾದ ಹೆಜ್ಜೆ ಎಂಬುದೇ ಅದರ ಸಮರ್ಥನೆ. ಮರಳುವ ಬಾಗಿಲಿಗೆ ಬೀಗ ಹಾಕಿದರೆ ಆ ಸಮರ್ಥನೆಯೇ ಇಲ್ಲವಾಗುತ್ತದೆ. ಭಾರತದ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನಗಳಿಗೆ ಮಾನ್ಯತೆ ಕೊಟ್ಟಾಗ ಹಾಕಿದ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ 2023ರಲ್ಲಿ ಅದೇ ನ್ಯಾಯಾಲಯ ಅವುಗಳನ್ನು ಸಡಿಲಿಸಬೇಕಾಯಿತು. ಈಗಲೂ ಎರಡು ವೈದ್ಯ ಮಂಡಳಿಗಳ ಒಪ್ಪಿಗೆ ಬೇಕು, ಮತ್ತು ಆ ವ್ಯವಸ್ಥೆ ರೂಪುಗೊಂಡದ್ದು ಚೇತರಿಕೆಯ ಆಸೆಯಿಲ್ಲದ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಚೇತರಿಸಿಕೊಳ್ಳಬಲ್ಲ, ಎಚ್ಚರವಿರುವ, ಬೇಡವೆನ್ನುವ ರೋಗಿಯ ಮುಂದೆ ನಿಂತ ವೈದ್ಯರಿಗೆ ಅದರಿಂದ ಹೆಚ್ಚಿನ ನೆರವು ಸಿಗುವುದಿಲ್ಲ. ಹೀಗಾಗಿ ತುರ್ತು ಘಟಕದ ವೈದ್ಯರು ಎರಡು ಭಯಗಳ ನಡುವೆ ಸಿಲುಕುತ್ತಾರೆ: ಶುರು ಮಾಡದಿದ್ದರೆ ನಿರ್ಲಕ್ಷ್ಯದ ಆರೋಪ, ಶುರು ಮಾಡಿದರೆ ಬಿಡಿಸಿಕೊಳ್ಳಲಾಗದ ಸ್ಥಿತಿ. ಎರಡರಲ್ಲಿ ಮೊದಲನೆಯ ಭಯವೇ ಗೆಲ್ಲುತ್ತದೆ, ಅದರ ಹೊರೆ ಹೊರುವುದು ಬೇಡವೆಂದಿದ್ದ ರೋಗಿ.